ನಾನು ಸುತ್ತಿದ ಮೋಟಾರು

ಪ್ರತಿಯೊಬ್ಬರ ಬಳಿಯೂ ತಾವೇ ಕೈಯಾರೆ ಮಾಡಿದ ಒಂದು ಸಾಹಸದ ಕಥೆ ಇದ್ದೇ ಇರುತ್ತದೆ. ಅದನ್ನು ಅವರು ಎಷ್ಟು ಸಲ ಹೇಳಿರುತ್ತಾರೆಂದರೆ, ಎಲ್ಲಿ ನಗಬೇಕು, ಎಲ್ಲಿ ‘ಅಯ್ಯೋ, ಆಮೇಲೆ?’ ಅನ್ನಬೇಕು ಎಂಬುದು ಮನೆಯವರಿಗೆಲ್ಲ ಬಾಯಿಪಾಠವಾಗಿಬಿಟ್ಟಿರುತ್ತದೆ. ನಮ್ಮ ಯಜಮಾನರದು ಕಾಲೇಜಿನ ದಿನಗಳಲ್ಲಿ ಬಾಡಿಗೆ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಿದ ಕಥೆ. ಮದುವೆಯಾದ ಹೊಸದರಲ್ಲಿ ನಾನು ಕೇಳಿದಾಗ ಅವರು ದಾರಿಯಲ್ಲಿ ಮೂರು ಕಡೆ ಕಾಲು ಕೆಳಗಿಟ್ಟು ಸುಧಾರಿಸಿಕೊಂಡಿದ್ದರು. ವರ್ಷಗಳು ಕಳೆದಂತೆ ಮೂರು ಎರಡಾಯಿತು, ಎರಡು ಒಂದಾಯಿತು. ಈಗ ಅವರು ಒಂದೇ ಉಸಿರಿಗೆ ಹತ್ತಿಬಿಡುತ್ತಾರೆ. ನಮ್ಮತ್ತೆಯವರದು ಅಡುಗೆಯವರು ಕೈಕೊಟ್ಟ ದಿನ ಇಡೀ ನಾಮಕರಣದ ಊಟವನ್ನು ಒಬ್ಬರೇ ಮಾಡಿ ಮುಗಿಸಿದ ಕಥೆ. ಇಂಥವರ ನಡುವೆ ನಾನೂ ಸುಮ್ಮನಿರುವುದಕ್ಕಾಗುತ್ತದೆಯೇ? ನನ್ನದು ಮೋಟಾರಿನ ಕಥೆ. ಹದಿನೈದು ಅಶ್ವಶಕ್ತಿಯ ಸುಟ್ಟುಹೋದ ಮೋಟಾರೊಂದಕ್ಕೆ ನಾನೇ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಈ ಎರಡು ಕೈಗಳಿಂದ ತಾಮ್ರದ ತಂತಿ ಸುತ್ತಿ ಜೀವ ಕೊಟ್ಟ ಕಥೆ. ನನ್ನ ಮಗಳಿಗೆ ಇದು ಬರುವಷ್ಟು ಚೆನ್ನಾಗಿ ಮಗ್ಗಿ ಬರುತ್ತಿರಲಿಲ್ಲ.

ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ವಿದ್ಯುತ್ ವಿಭಾಗದ ಮುಖ್ಯಸ್ಥೆ. ಪ್ಲಾಸ್ಟಿಕ್ಕಿನ ಬಕೆಟ್ಟು, ಮಗ್ಗು, ಊಟದ ಡಬ್ಬಿ ಮಾಡುವ ಕಾರ್ಖಾನೆ. ಮೂವತ್ತೊಂದು ವರ್ಷದ ಹಿಂದೆ ಡಿಪ್ಲೊಮಾ ಮುಗಿಸಿ ಇಲ್ಲಿಗೆ ತರಬೇತಿಗೆಂದು ಸೇರಿದಾಗ, ಇಡೀ ವಿಭಾಗದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಚಾಮರಾಜಪುರದ ನಮ್ಮ ಮನೆಯಲ್ಲಿ ಅದೊಂದು ದೊಡ್ಡ ಸುದ್ದಿ. ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಅಪ್ಪ ಮೇಷ್ಟರು. ಬರೆಯುವುದು ಬಿಟ್ಟು ಕೈಯಲ್ಲಿ ಬೇರೆ ಕೆಲಸ ಮಾಡಿದವರು ನಮ್ಮ ಮನೆತನದಲ್ಲಿ ಇರಲಿಲ್ಲ. ಅಜ್ಜಿ ಬೆಳಿಗ್ಗೆ ಬಾಗಿಲಲ್ಲಿ ನಿಂತು, “ನಿಮ್ಮ ತಾತ ಕರೆಂಟು ಹೋದ್ರೆ ಕಂಬದ ಹತ್ರ ಹೋಗಿ ಬೈದು ಬರ್ತಿದ್ರು ಕಣೇ. ಮುಟ್ಟೋಕೆ ಹೋಗ್ತಿರ್ಲಿಲ್ಲ. ನೀನೂ ಅಷ್ಟೇ ಮಾಡು,” ಎಂದು ಹೇಳಿ ಕಳಿಸಿದ್ದರು. ಅವರ ಮಾತನ್ನು ನಾನು ಅರ್ಧ ಪಾಲಿಸಿದ್ದೇನೆ. ಬೈಯುವುದನ್ನು ಚೆನ್ನಾಗಿ ಕಲಿತಿದ್ದೇನೆ.

ನನ್ನನ್ನು ಒಪ್ಪಿಸಿದ್ದು ಇನ್ನಾಸಪ್ಪ ಮೇಸ್ತ್ರಿಯವರ ಕೈಗೆ. ಲಷ್ಕರ್ ಮೊಹಲ್ಲಾದವರು; ಮೋಟಾರು ಸುತ್ತುವುದರಲ್ಲಿ ಅವರ ಸಮಾನರಿಲ್ಲ ಎಂದು ಕಾರ್ಖಾನೆಯಲ್ಲೆಲ್ಲ ಹೆಸರು. ಅವರ ಕೋಣೆಗೆ ಹೋದರೆ ವಾರ್ನಿಷ್ಷಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೂಲೆಯಲ್ಲಿ ಹಿಡಿಯಿರುವ ಮರದ ಅಚ್ಚು, ಅದರ ಮೇಲೆ ತಂತಿಯನ್ನು ಎಣಿಸಿ ಎಣಿಸಿ ಸುತ್ತಿ ಕಾಯಿಲ್ ಮಾಡಬೇಕು. ಆಮೇಲೆ ಅದನ್ನು ಮೋಟಾರಿನ ಹೊಟ್ಟೆಯೊಳಗಿನ ಸೀಳುಗಳಲ್ಲಿ ಒಂದೊಂದಾಗಿ ಕೂರಿಸಿ, ಮೇಲೆ ಬಿದಿರಿನ ಕಡ್ಡಿ ಸಿಗಿಸಿ, ಜಡೆ ಕಟ್ಟಿದ ಹಾಗೆ ದಾರದಲ್ಲಿ ಕಟ್ಟಬೇಕು. ಮೇಸ್ತ್ರಿ ಸುತ್ತುವಾಗ ಬಾಯಲ್ಲಿ ಎಣಿಸುತ್ತಿರಲಿಲ್ಲ. ಚರ್ಚಿನ ಹಾಡೊಂದನ್ನು ಗುನುಗುತ್ತಿದ್ದರು. ಇಂಥ ಹಾಡಿನ ಇಷ್ಟು ಸಾಲಿಗೆ ಇಷ್ಟು ಸುತ್ತು ಅಂತ ಅವರಿಗೊಂದು ಲೆಕ್ಕ. ಹಾಡು ಮುಗಿಯುವುದಕ್ಕೂ ಕಾಯಿಲ್ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ನಾನೂ ಹಾಗೆ ಮಾಡಿ ನೋಡಿದೆ. ಸಂಗೀತ ಪಾಠದಲ್ಲಿ ಕಲಿತ ಕೀರ್ತನೆಯೊಂದನ್ನು ಹಿಡಿದೆ. ಸಂಗತಿ ಹಾಕುವ ಆಸೆಯಲ್ಲಿ ತಂತಿ ಎಲ್ಲೆಲ್ಲಿಗೋ ಹೋಯಿತು. “ಅಮ್ಮಾವ್ರೇ, ನೀವು ಬೆರಳಲ್ಲೇ ಎಣಿಸ್ಕೊಳ್ಳಿ, ನಿಮ್ಮ ಹಾಡು ಉದ್ದ ಆಯ್ತದೆ,” ಎಂದರು ಮೇಸ್ತ್ರಿ. ಆರು ತಿಂಗಳು ಅವರ ಪಕ್ಕದಲ್ಲಿ ಕೂತ ಮೇಲೆ ಒಂದು ದಿನ, ನೀರಿನ ಪಂಪಿನ ಸುಟ್ಟ ಮೋಟಾರನ್ನು ನನ್ನ ಮುಂದೆ ಉರುಳಿಸಿ, “ಇದು ನಿಮ್ದು. ನಾನು ಮುಟ್ಟಲ್ಲ,” ಎಂದರು. ನಾಲ್ಕು ದಿನ ಸುತ್ತಿದೆ. ಶನಿವಾರ ಸಂಜೆ ಕೊನೆಯ ಗಂಟು ಹಾಕಿ ಎದ್ದಾಗ ಬೆರಳೆಲ್ಲ ಬೊಬ್ಬೆ. ಸೋಮವಾರ ಬಂದು ನೋಡಿದರೆ ಮೇಸ್ತ್ರಿ ಆಗಲೇ ವಾರ್ನಿಷ್ ಹಾಕಿ ಒಣಗಿಸಿ ಇಟ್ಟಿದ್ದಾರೆ. ಜೋಡಿಸಿ ಸ್ವಿಚ್ಚು ಒತ್ತಿದೆವು. ಜೇನುಹುಳುವಿನ ಹಾಗೆ ಗುಂಯ್ ಎಂದಿತು. ನಾನು ಅಲ್ಲೇ, ಎಲ್ಲರ ಮುಂದೆ, ಗೊಳೋ ಎಂದು ಅತ್ತುಬಿಟ್ಟೆ. ಕಥೆ ಹೇಳುವಾಗ ಅತ್ತ ಭಾಗವನ್ನು ನಾನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇನೆ.

ಆ ಮೋಟಾರು ಇವತ್ತಿಗೂ ಓಡುತ್ತಿದೆ. ಸುತ್ತಮುತ್ತ ಎಲ್ಲ ಬದಲಾಯಿತು, ಸುತ್ತುವ ಕೋಣೆಯನ್ನು ಒಡೆದು ಉಗ್ರಾಣ ಮಾಡಿದರು, ಮೇಸ್ತ್ರಿ ನಿವೃತ್ತರಾದರು, ಈಗ ಮೋಟಾರು ಕೆಟ್ಟರೆ ಲಾರಿಯಲ್ಲಿ ಹೊರಗೆ ಹೋಗಿ ಬರುತ್ತದೆ. ಈ ಒಂದು ಮೋಟಾರು ಮಾತ್ರ ಪಂಪಿನ ಮನೆಯಲ್ಲಿ, ಮಗ್ಗಿನ ಅಚ್ಚುಗಳಿಗೆ ತಂಪು ನೀರು ನೂಕುತ್ತ, ಮೂವತ್ತು ವರ್ಷದಿಂದ ಕೂತಿದೆ. ಅದರ ಪಕ್ಕ ಹಾದುಹೋಗುವಾಗ ಯಾರೂ ನೋಡದಿದ್ದರೆ ಬೆನ್ನು ತಟ್ಟುವುದು ನನ್ನ ಅಭ್ಯಾಸ. ಮೂರು ವರ್ಷದ ಹಿಂದೆ ಅದಕ್ಕೆ ಡ್ರೈವ್ ಕೂರಿಸಿದೆವು. ಡ್ರೈವ್ ಅಂದರೆ ಗೋಡೆಗೆ ತಗುಲಿಸಿದ ಒಂದು ಪೆಟ್ಟಿಗೆ, ಅಷ್ಟೆ. ಪೈಪಿನಲ್ಲಿ ನೀರಿನ ಒತ್ತಡ ಇಳಿದರೆ ಮೋಟಾರನ್ನು ಜೋರಾಗಿ ಓಡಿಸುತ್ತದೆ, ಏರಿದರೆ ನಿಧಾನ ಮಾಡುತ್ತದೆ. ಮೋಟಾರು ತನ್ನ ಶಕ್ತಿಗೆ ಮೀರಿ ಕರೆಂಟು ಎಳೆಯತೊಡಗಿದರೆ ಸ್ವಲ್ಪ ಹೊತ್ತು ನೋಡುತ್ತದೆ, ಆಮೇಲೆ ಟಪ್ಪೆಂದು ನಿಲ್ಲಿಸಿ, ಮುಖದ ಮೇಲೆ ‘ಓ ಎಲ್’ ಎಂಬ ಎರಡು ಕೆಂಪು ಇಂಗ್ಲಿಷ್ ಅಕ್ಷರ ತೋರಿಸಿಕೊಂಡು ಕೂರುತ್ತದೆ. ಓವರ್‌ಲೋಡ್, ಹೊರೆ ಹೆಚ್ಚಾಯಿತು ಎಂದು ಅದರ ಅರ್ಥ. ಯಾಕೆ ಹೆಚ್ಚಾಯಿತು ಎಂದು ಮಾತ್ರ ಹೇಳುವುದಿಲ್ಲ. ಮುನಿಸಿಕೊಂಡ ನೆಂಟರ ಹಾಗೆ, ಕಾರಣ ನಾವೇ ಹುಡುಕಿಕೊಳ್ಳಬೇಕು.

ಮೂರು ವರ್ಷ ಸುಮ್ಮನಿದ್ದ ಈ ಪೆಟ್ಟಿಗೆ ಕಳೆದ ತಿಂಗಳು ಇದ್ದಕ್ಕಿದ್ದಂತೆ ಶುರುಮಾಡಿತು. ದಿನಾ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಟ್ರಿಪ್, ಅಂದರೆ ಟಪ್ಪೆಂದು ಬಂದ್. ನೀರು ನಿಲ್ಲುತ್ತದೆ, ಅಚ್ಚು ಬಿಸಿಯಾಗುತ್ತದೆ, ಮಗ್ಗುಗಳು ಹಿಡಿಕೆ ಸೊಟ್ಟಗೆ ಮಾಡಿಕೊಂಡು ಹೊರಬರುತ್ತವೆ. ಮಗ್ಗುಗಳನ್ನು ಪೆಟ್ಟಿಗೆಗೆ ತುಂಬುವ ಹೆಂಗಸರು ನನ್ನನ್ನು ಕಂಡಾಗಲೆಲ್ಲ, “ಇವತ್ತು ಎಷ್ಟೊತ್ತಿಗೆ ಮೇಡಂ ಸೊಟ್ಟ ಮಗ್ಗು? ಅಷ್ಟ್ರೊಳಗೆ ಟೀ ಕುಡ್ಕೊಂಡು ಬಂದ್ಬುಡ್ತೀವಿ,” ಎಂದು ಕೇಳತೊಡಗಿದರು.

ನನ್ನ ಕೈಕೆಳಗೆ ಹರ್ಷಿತಾ ಅಂತ ಒಬ್ಬಳು ಎಂಜಿನಿಯರ್. ಕೆ.ಆರ್. ನಗರದಿಂದ ದಿನಾ ಓಡಾಡುತ್ತಾಳೆ. ಬಲು ಚುರುಕು; ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಲ್ಯಾಪ್‌ಟಾಪ್ ಸಿಗಿಸಿ ಡ್ರೈವಿನ ಜಾತಕವನ್ನೆಲ್ಲ ಓದಿಬಿಟ್ಟಿರುತ್ತಾಳೆ. ಎರಡನೆಯ ದಿನವೇ ಅವಳು, “ಮೇಡಂ, ಸದ್ಯಕ್ಕೆ ಕರೆಂಟಿನ ಮಿತಿ ಸ್ವಲ್ಪ ಜಾಸ್ತಿ ಮಾಡಿದ್ರೆ ಟ್ರಿಪ್ ಆಗಲ್ಲ, ಮಾಡ್ಲಾ?” ಎಂದಳು. ನಾನು ಕೆಂಡವಾದೆ. ಮೋಟಾರಿಗೆ ಇಪ್ಪತ್ತೆರಡು ಆಂಪಿಯರ್ ಅಂದರೆ ಇಪ್ಪತ್ತೆರಡೇ. ಮಿತಿ ಏರಿಸುವುದು ಅಂದರೆ ಕಾವಲುಗಾರನ ಕಣ್ಣು ಕಟ್ಟಿ ನಿಲ್ಲಿಸುವುದು, ಆಮೇಲೆ ಮೋಟಾರು ಸುಟ್ಟರೆ ಯಾರು ಜವಾಬ್ದಾರಿ, ನಮ್ಮ ಮೇಸ್ತ್ರಿ ಇದ್ದಿದ್ದರೆ ಈ ಮಾತಿಗೆ ಕೋಣೆಯಿಂದ ಆಚೆ ಕಳಿಸುತ್ತಿದ್ದರು ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಇದು ಬೆಳಿಗ್ಗೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಸೊಟ್ಟ ಮಗ್ಗಿನ ಬಗ್ಗೆ ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ ಮೇಲೆ, ಪಂಪಿನ ಮನೆಗೆ ಹೋಗಿ ಆಚೀಚೆ ನೋಡಿ ಇಪ್ಪತ್ತೆರಡನ್ನು ಇಪ್ಪತ್ನಾಲ್ಕು ಮಾಡಿದವಳು ನಾನೇ. ಮಾರನೆಯ ದಿನ ಹತ್ತೂವರೆಗೆ ಆಗುತ್ತಿದ್ದ ಟ್ರಿಪ್ ಹತ್ತು ನಲವತ್ತಕ್ಕೆ ಆಯಿತು. ಹರ್ಷಿತಾ ಲ್ಯಾಪ್‌ಟಾಪಿನಲ್ಲಿ ತಾನು ಮೊದಲು ಉಳಿಸಿಟ್ಟಿದ್ದ ನಕಲಿನ ಜೊತೆ ಹೋಲಿಸಿ ನೋಡಿ, “ಯಾರೋ ಮಿತಿ ಬದಲಾಯಿಸಿದ್ದಾರೆ ಮೇಡಂ,” ಎಂದಳು. “ಯಾರಿರಬಹುದು?” ಎಂದೆ. “ಗೊತ್ತಿಲ್ಲ ಮೇಡಂ,” ಎಂದು ಅವಳು ನನ್ನ ಮುಖ ನೋಡದೆ ಮತ್ತೆ ಇಪ್ಪತ್ತೆರಡು ಮಾಡಿದಳು. ಒಳ್ಳೆಯ ಹುಡುಗಿ.

ಆಮೇಲೆ ಕ್ರಮವಾಗಿ ಹುಡುಕಿದೆವು. ಪಂಪಿನ ಒಳಗೆ ಏನಾದರೂ ಸಿಕ್ಕಿಕೊಂಡು ಬಿಗಿಯಾಗಿದೆಯೇ ಎಂದು ಕೈಯಿಂದ ತಿರುಗಿಸಿದೆವು, ಸಲೀಸಾಗಿ ತಿರುಗಿತು. ಬೇರಿಂಗ್ ಸದ್ದು ಮಾಡುತ್ತದೆಯೇ ಎಂದು ಕಿವಿಗೊಟ್ಟೆವು, ಇಲ್ಲ. ಮೂರು ತಂತಿಗಳಲ್ಲಿ ಕರೆಂಟು ಅಳೆದೆವು, ಮೂರೂ ಸಮ. ತಂತಿಯ ಮೇಲಿನ ಹೊದಿಕೆ ಹಾಳಾಗಿದೆಯೇ ಎಂದು ಪರೀಕ್ಷಿಸಿದೆವು; ವಯಸ್ಸಿಗೆ ಹೋಲಿಸಿದರೆ ನನಗಿಂತ ಗಟ್ಟಿಯಾಗಿತ್ತು. ಮಧ್ಯಾಹ್ನ ಹದಿನೇಳು ಆಂಪಿಯರಿನಲ್ಲಿ ಸಾಧುವಾಗಿ ಓಡುವ ಮೋಟಾರು ಬೆಳಿಗ್ಗೆ ಹತ್ತೂವರೆಗೆ ಮಾತ್ರ ಇಪ್ಪತ್ತಾರಕ್ಕೆ ಏರುತ್ತಿತ್ತು. ಶುಕ್ರವಾರ ಹರ್ಷಿತಾ ತನ್ನ ತೀರ್ಮಾನ ಹೇಳಿದಳು: “ನಂಗನ್ಸೋದು ಮೋಟಾರೇ ಕೈಕೊಡ್ತಿದೆ ಮೇಡಂ. ನೋಡೋಕೆ ಚೆನ್ನಾಗಿದೆ, ಬಿಸಿಯಾದಾಗ ಒಳಗೆ ಏನೋ ಆಗ್ತಿದೆ. ಯಾವ ಕಾಲದಲ್ಲಿ ಯಾರು ಸುತ್ತಿದ್ದೋ ಏನೋ, ಕೈವೈಂಡಿಂಗ್ ಅದು. ತೆಗೆದು ಹೊಸದು ಹಾಕೋಣ.”

“ಅದನ್ನ ಸುತ್ತಿದ್ದು ನಾನು,” ಎಂದೆ.

ಹೇಳಬಾರದಿತ್ತು. ಅವಳ ಕಣ್ಣು ಅಗಲವಾಯಿತು. ಮೊದಲು ಮೆಚ್ಚುಗೆ, ಆಮೇಲೆ ಗಾಬರಿ, ಕೊನೆಗೆ ಕನಿಕರ. ಮೂರೂ ಅವಳ ಮುಖದ ಮೇಲೆ ಒಂದರ ಹಿಂದೊಂದು ಬಂದು ಹೋದವು. “ಸಾರಿ ಮೇಡಂ, ನಂಗೊತ್ತಿರ್ಲಿಲ್ಲ,” ಎಂದು ಸಣ್ಣಗೆ ಹೇಳಿದಳು. ಅಲ್ಲಿಂದ ಮುಂದೆ ಅವಳು ಆ ಮೋಟಾರಿನ ಬಗ್ಗೆ, ಆಸ್ಪತ್ರೆಯಲ್ಲಿರುವ ನಮ್ಮ ಮನೆಯ ಹಿರಿಯರ ಬಗ್ಗೆ ಮಾತಾಡುವ ಹಾಗೆ ದನಿ ತಗ್ಗಿಸಿ ಮಾತಾಡತೊಡಗಿದಳು. ಮ್ಯಾನೇಜರಿಗೆ ಅಂಥ ದಾಕ್ಷಿಣ್ಯವಿರಲಿಲ್ಲ. “ಸೋಮವಾರ ಸಂಜೆಯೊಳಗೆ ಕಾರಣ ಸಿಗದಿದ್ದರೆ ಹೊಸ ಮೋಟಾರು ತರಿಸಿ, ಹಳೆಯದು ಗುಜರಿಗೆ,” ಎಂದುಬಿಟ್ಟರು. ಆ ಶನಿವಾರ ನನಗೆ ಊಟ ಸೇರಲಿಲ್ಲ. ನಗಬೇಡಿ. ನನ್ನ ವೃತ್ತಿಯಲ್ಲಿ ನಾನು ಸಹಿ ಹಾಕಿದ ಕಾಗದಗಳು ಬೇಕಾದಷ್ಟಿವೆ. ನಾನೇ ಮಾಡಿದ್ದು ಎಂದು ಇವತ್ತಿಗೂ ಬೆರಳಿಟ್ಟು ತೋರಿಸಬಹುದಾದ ವಸ್ತು ಅದೊಂದೇ ಉಳಿದಿದ್ದು. ಅದೂ ಕೊನೆಗೆ ಅರೆಬರೆ ಕೆಲಸ ಅಂತಾದರೆ? ಮೂವತ್ತು ವರ್ಷ ಹೇಳಿದ ಕಥೆಯನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಮೇಸ್ತ್ರಿಯವರ ಮನೆಗೆ ಹೋದೆ. ಅವರಿಗೀಗ ಎಪ್ಪತ್ತೇಳು. ಆಗಷ್ಟೇ ಚರ್ಚಿನಿಂದ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಜಗಲಿಯ ಮೇಲೆ ಕೂತಿದ್ದರು. ಒಳಗೆ ಮಗಳು, ಅಳಿಯ, ಮೊಮ್ಮಕ್ಕಳು, ಮಾಂಸದ ಸಾರಿನ ಘಮ, ಟಿ.ವಿ.ಯ ಗಲಾಟೆ. ಮಗಳು ಸ್ಟೆಲ್ಲಾ ಕಾಫಿ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ನಾನು ಟ್ರಿಪ್ಪಿನ ಕಥೆಯನ್ನೆಲ್ಲ ಹೇಳಿ, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ: “ಮೇಸ್ತ್ರಿ, ನಿಜ ಹೇಳಿ. ನಾನು ಸುತ್ತಿದ್ದರಲ್ಲೇ ಏನಾದ್ರೂ ಐಬು ಇತ್ತಾ?”

“ವೈಂಡಿಂಗ್ ಹೋಗಿರಲ್ಲ ಬುಡಿ ವಸುಧಮ್ಮ,” ಎಂದರು ಅವರು, ಕಾಫಿ ಆರಿಸಿಕೊಳ್ಳುತ್ತ. “ಅದ್ರ ಬಗ್ಗೆ ಯೋಚನೆ ಮಾಡ್ಬೇಡಿ.”

“ಅಷ್ಟು ಗಟ್ಟಿಯಾಗಿ ಹೆಂಗೆ ಹೇಳ್ತೀರಿ?”

“ನಾನೇ ಸುತ್ತಿರೋದಲ್ವಾ, ಅದಕ್ಕೆ.”

ವಯಸ್ಸಾಗಿದೆ, ಮರೆತಿದ್ದಾರೆ ಎಂದುಕೊಂಡೆ. “ಇಲ್ಲ ಮೇಸ್ತ್ರಿ, ಅದು ನಾನು ಸುತ್ತಿದ್ದು. ಪಂಪಿನ ಮೋಟಾರು. ನಾಲ್ಕು ದಿನ ಸುತ್ತಿದ್ನಲ್ಲ, ನೆನಪಿಲ್ವಾ?” ಎಂದು ನೆನಪಿಸಿದೆ.

“ನೆನಪಿಲ್ದೆ ಏನು? ಮೂರ್ನೇ ದಿನ ನೀವು ಎಣಿಸ್ತಾ ಇರೋವಾಗ ಕ್ಯಾಂಟೀನ್ ಗಂಟೆ ಹೊಡೀತು. ನಿಮಗೆ ಲೆಕ್ಕ ತಪ್ಪೋಯ್ತು, ಆದ್ರೂ ಹೇಳ್ಲಿಲ್ಲ. ಒಂದು ಕಾಯಿಲಲ್ಲಿ ನಾಕು ಸುತ್ತು ಕಮ್ಮಿ, ಇನ್ನೊಂದ್ರಲ್ಲಿ ಆರು ಜಾಸ್ತಿ. ಹಂಗೇ ಓಡ್ಸಿದ್ರೆ ವಾರದಲ್ಲಿ ಸುಟ್ಟೋಗಿರೋದು. ಶನಿವಾರ ನೀವು ಮನೆಗೆ ಹೋದ್ಮೇಲೆ ಎಲ್ಲ ಬಿಚ್ಚಿಬುಟ್ಟೆ. ಭಾನುವಾರ ಪೂರ್ತಿ ಕೂತು ಸುತ್ತಿ, ವಾರ್ನಿಷ್ ಹಾಕಿ, ಒಣಗಿಸಿಟ್ಟೆ. ಜ್ವರ ಬಂದಾಗ ಬಿಟ್ರೆ ನಾನು ಭಾನುವಾರದ ಪೂಜೆ ತಪ್ಪಿಸಿದ್ದು ಅದೊಂದೇ ಸಲ ಕಣಮ್ಮ. ನಮ್ಮನೆಯವಳು ಬದುಕಿರೋವರ್ಗೂ ಆಡ್ಕೊಂಡಳು.”

“ಅಪ್ಪಾ!” ಎಂದಳು ಸ್ಟೆಲ್ಲಾ ಬಾಗಿಲಿಂದ. ಮೇಸ್ತ್ರಿ ಅವಳ ಕಡೆ ಕೈಬೀಸಿದರು.

ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟೆ. “ಅವತ್ತೇ ಯಾಕೆ ಹೇಳ್ಲಿಲ್ಲ ಮೇಸ್ತ್ರಿ?” ಎಂದೆ.

“ಹೇಳೋಣ ಅಂತ್ಲೇ ಇದ್ದೆ. ಸೋಮವಾರ ಮೋಟ್ರು ಓಡಿದ್ದು ನೋಡಿ ನೀವು ಅತ್ಬುಟ್ರಲ್ಲ. ಯಾವ ಬಾಯಲ್ಲಿ ಹೇಳೋದು? ಹೇಳಿದ್ರೆ ಮಾರ್ನೇ ದಿನದಿಂದ ನೀವು ಬರ್ತಿರ್ಲಿಲ್ಲ. ಆಮೇಲಿನ ಮೋಟ್ರುಗಳ್ನ ನೀವೇ ಸುತ್ತಿದ್ರಿ, ಸರಿಯಾಗೇ ಸುತ್ತಿದ್ರಿ. ಮೊದಲ್ನೇದು ಯಾರ್ದೂ ಸರಿಯಾಗಿರಲ್ಲ. ನಂದೂ ನಮ್ಮ ಮೇಸ್ತ್ರಿ ಬಿಚ್ಚಿದ್ರು, ನನ್ನ ಮುಂದೇನೇ ಬಿಚ್ಚಿದ್ರು,” ಎಂದು ನಕ್ಕರು. ನಕ್ಕು ಮುಗಿಸಿ, ಕೆಲಸದ ದನಿಗೆ ಬಂದರು: “ಅದಿರ್ಲಿ, ನೀವು ಮೋಟ್ರು ನೋಡಿದ್ರಿ, ಆ ಪೆಟ್ಟಿಗೆ ನೋಡಿದ್ರಿ. ನೀರು ಎಲ್ಲಿಗೆ ಹೋಯ್ತದೆ ಅಂತ ನೋಡಿದ್ರಾ? ಮೋಟ್ರು ಸುಮ್ಸುಮ್ನೆ ಕರೆಂಟು ಎಳೆಯಲ್ಲ. ನೀರು ಜಾಸ್ತಿ ಹೊತ್ರೆ ಎಳೀತದೆ. ಪೈಪು ಹಿಡ್ಕೊಂಡು ಹೋಗಿ.”

ಮನೆಗೆ ಬರುವ ದಾರಿಯಲ್ಲಿ ಸ್ಕೂಟರನ್ನು ಒಂದು ಮರದ ಕೆಳಗೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತಿದ್ದೆ. ಮೊದಲು ಅವಮಾನವಾಯಿತು, ಆಮೇಲೆ ಸಿಟ್ಟು ಬಂತು. ಮಗಳಿಗೆ, ಗಂಡನಿಗೆ, ನೆಂಟರಿಷ್ಟರಿಗೆ ಎಷ್ಟು ಸಲ ಹೇಳಿಕೊಂಡಿದ್ದೆ! ಆಮೇಲೆ ಕಣ್ಣಮುಂದೆ ಬಂದದ್ದು ಆ ಭಾನುವಾರ. ರಜೆಯ ದಿನ, ಇಡೀ ಕಾರ್ಖಾನೆ ಖಾಲಿ. ಆ ವಾರ್ನಿಷ್ ವಾಸನೆಯ ಕೋಣೆಯಲ್ಲಿ ಒಬ್ಬರೇ ಕೂತು, ಯಾವಳೋ ಚಾಮರಾಜಪುರದ ಹುಡುಗಿ ನಾಲ್ಕು ದಿನ ಕಷ್ಟಪಟ್ಟು ಸುತ್ತಿದ್ದನ್ನು ಬಿಚ್ಚಿ, ಅವಳಿಗೆ ಗೊತ್ತಾಗದ ಹಾಗೆ ಅವಳು ಕಟ್ಟಿದಂತೆಯೇ ದಾರ ಕಟ್ಟುತ್ತಿದ್ದ ಮನುಷ್ಯ. ಚರ್ಚಿಗೆ ಹೋಗಲಿಲ್ಲ ನಿಜ, ಹಾಡಂತೂ ಬಿಟ್ಟಿರಲಾರರು. ಅಷ್ಟು ಹೊತ್ತಿಗೆ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಸೋಮವಾರ ಹತ್ತು ಗಂಟೆಗೆ ಹರ್ಷಿತಾಳನ್ನು ಕರೆದುಕೊಂಡು, ಡ್ರೈವನ್ನು ಅದರ ಪಾಡಿಗೆ ಬಿಟ್ಟು, ಪೈಪು ಹಿಡಿದು ಹೊರಟೆ. ಕಾರ್ಖಾನೆಯ ಹಿಂಭಾಗದಲ್ಲಿ, ಆ ಪೈಪು ನೀರಿನ ತೊಟ್ಟಿಗೆ ವಾಪಸು ಬಂದು ಸೇರುವ ಕಡೆ, ಪಂಪು ನೋಡಿಕೊಳ್ಳುವ ಮಹದೇವ ಪ್ಯಾಂಟು ಮಡಚಿಕೊಂಡು ನಿಂತಿದ್ದ. ಹತ್ತು ಇಪ್ಪತ್ತಕ್ಕೆ ಅಲ್ಲಿದ್ದ ವಾಲ್ವನ್ನು ಗಿರಗಿರನೆ ತಿರುಗಿಸಿದ. ನೀರು ಧೋ ಎಂದು ತೊಟ್ಟಿಗೆ ಬೀಳತೊಡಗಿತು.

“ಇದ್ಯಾಕೆ ಮಹದೇವ?” ಎಂದೆ.

“ತೊಟ್ಟೀಲಿ ಪಾಚಿ ಕಟ್ತದೆ ಮೇಡಂ. ಹಿಂಗೆ ಜೋರಾಗಿ ನೀರು ಬುಟ್ರೆ ಕಿತ್ಕೊಂಡು ಹೋಯ್ತದೆ. ದಿನಾ ಬುಡ್ತೀನಿ, ಅರ್ಧ ಗಂಟೆ.”

“ಎಷ್ಟು ವರ್ಷದಿಂದ?”

“ಏಳೆಂಟು ವರ್ಷ ಆಯ್ತು. ಮೊದ್ಲೆಲ್ಲ ಪಾಚಿ ಹೋಗ್ತಾನೇ ಇರ್ಲಿಲ್ಲ, ಹಳೇ ವಾಲ್ವು ತುಕ್ಕು ಹಿಡಿದು ಒಂಚೂರೇ ತಿರುಗ್ತಿತ್ತು. ಹೋದ ತಿಂಗಳು ನೀವೇ ಹೊಸದು ಹಾಕ್ಸಿಕೊಟ್ರಲ್ಲ, ಬೆಣ್ಣೆ ಹಂಗೆ ತಿರುಗ್ತದೆ. ಪೂರ್ತಿ ಬುಡ್ತೀನಿ,” ಎಂದು ಕೃತಜ್ಞತೆಯಿಂದ ನಕ್ಕ.

ಹರ್ಷಿತಾ ನನ್ನನ್ನು ನೋಡಿದಳು, ನಾನು ತೊಟ್ಟಿಯನ್ನು ನೋಡಿದೆ. ವಾಲ್ವು ಪೂರ್ತಿ ತೆರೆದರೆ ಪೈಪಿನಲ್ಲಿ ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದದ್ದನ್ನು ಕಂಡ ಡ್ರೈವು, ಪಾಪ, ಎಲ್ಲ ಅಚ್ಚುಗಳೂ ಬಾಯಾರಿ ಕೂತಿವೆ ಎಂದುಕೊಂಡು ಮೋಟಾರನ್ನು ಪೂರ್ತಿ ವೇಗದಲ್ಲಿ ಓಡಿಸುತ್ತದೆ. ಅಡ್ಡಿಯೇ ಇಲ್ಲದ ದಾರಿಯಲ್ಲಿ ನೀರು ಎರಡರಷ್ಟು ಹರಿಯುತ್ತದೆ, ಅಷ್ಟನ್ನೂ ಹೊರಲು ಮೋಟಾರು ಮಿತಿ ಮೀರಿ ಕರೆಂಟು ಎಳೆಯುತ್ತದೆ. ವಾಲ್ವು ತೆರೆದರೆ ಪಂಪಿಗೆ ಹಗುರವಾಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಈ ಜಾತಿಯ ಪಂಪಿಗೆ ಅದೇ ಭಾರ. ಇಷ್ಟು ವರ್ಷ ಮೋಟಾರನ್ನು ಕಾಪಾಡಿದ್ದು ತುಕ್ಕು. ಆ ತುಕ್ಕು ಹಿಡಿದ ವಾಲ್ವನ್ನು ನೋಡಲಾರದೆ, ಬದಲಾಯಿಸಲೇಬೇಕೆಂದು ಮ್ಯಾನೇಜರ್ ಜೊತೆ ವಾದ ಮಾಡಿ ಕಾಗದಕ್ಕೆ ಸಹಿ ಹಾಕಿದವಳು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಹರ್ಷಿತಾ ಅವತ್ತೇ ಡ್ರೈವಿನಲ್ಲಿ ಗರಿಷ್ಠ ವೇಗವನ್ನು ಸ್ವಲ್ಪ ಇಳಿಸಿದಳು; ಮಹದೇವ ವಾಲ್ವಿನ ಮೇಲೆ ಕಾಲು ಭಾಗಕ್ಕೆ ಕೆಂಪು ಬಣ್ಣದ ಗೆರೆ ಎಳೆದು, ಅಲ್ಲಿಂದಾಚೆ ತಿರುಗದ ಹಾಗೆ ಸರಪಳಿ ಹಾಕಿದ. ಪಾಚಿಗೆ ಪೊರಕೆ ಕೊಡಿಸಿದೆ. ಮಾರನೆಯ ದಿನ ಹತ್ತೂವರೆ ಬಂತು, ಹೋಯಿತು, ಹನ್ನೊಂದೂ ಆಯಿತು. ಮೋಟಾರು ಗುಂಯ್ ಎನ್ನುತ್ತಲೇ ಇತ್ತು. ಮಗ್ಗು ತುಂಬುವ ಹೆಂಗಸರಿಗೆ ಟೀ ತಪ್ಪಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹರ್ಷಿತಾಳ ಸಂತೋಷ ನನ್ನ ಸಂತೋಷಕ್ಕಿಂತ ದೊಡ್ಡದಾಗಿತ್ತು. ಮೇಡಂ ಸುತ್ತಿದ ಮೋಟಾರು ಎಂದು ಅವಳು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದಳು. ಗುರುವಾರ, ಹೊಸದಾಗಿ ಸೇರಿದ ಮೂವರು ಎಂಜಿನಿಯರ್ ಹುಡುಗಿಯರನ್ನು ಪಂಪಿನ ಮನೆಗೆ ಕರೆತಂದು, ನನ್ನನ್ನೂ ಕರೆಸಿ, “ಇದೇ ನೋಡ್ರೇ. ನಮ್ಮ ವಯಸ್ಸಲ್ಲಿ ಮೇಡಂ ಸುತ್ತಿದ್ದು. ಮೂವತ್ತು ವರ್ಷ! ಹೇಳಿ ಮೇಡಂ,” ಎಂದಳು. ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ಮಾತು ತುಟಿಯವರೆಗೂ ಬಂತು. ಆ ಮೂವರ ಮುಖ ನೋಡಿದೆ. ನಾಳೆ ತಾವೂ ಹೀಗೊಂದು ಮಾಡಬಹುದು ಎಂಬ ಆಸೆ ಅವರ ಕಣ್ಣಲ್ಲಿತ್ತು. ಯಾವ ಬಾಯಲ್ಲಿ ಹೇಳುವುದು?

ಮೊದಲಾಗಿದ್ದರೆ ಇಂಥ ಸಂದರ್ಭದಲ್ಲಿ ‘ಏನೋ ಆವಾಗ ಮಾಡಿದೆ’ ಎಂದು ನಾಚಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಅದು ಯಾರ ಕೈ ಎಂದು ಈಗ ಗೊತ್ತಿದೆಯಲ್ಲ. ಸಂಕೋಚಪಡುವ ಕಾರಣವೇ ಉಳಿದಿರಲಿಲ್ಲ. ಮೋಟಾರಿನ ಬದಿಯ ಜಾಲರಿಯೊಳಗೆ ಟಾರ್ಚು ಬಿಟ್ಟು ತೋರಿಸುತ್ತ, ಮನಸ್ಸು ಬಿಚ್ಚಿ ಹೊಗಳಿದೆ. “ಈ ದಾರದ ಕಟ್ಟು ನೋಡಿ, ಒಂದು ಗಂಟು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ಕಾಯಿಲ್‌ಗಳು ಎಷ್ಟು ಸಮವಾಗಿ ಕೂತಿವೆ ನೋಡಿ. ಇಂಥ ಕೈ ಮೈಸೂರಲ್ಲಿ ಆಗಲೂ ಇನ್ನೊಂದಿರಲಿಲ್ಲ, ಈಗಂತೂ ಹುಡುಕಿದರೂ ಸಿಗುವುದಿಲ್ಲ. ದೊಡ್ಡ ಮನಸ್ಸಿಲ್ಲದೆ ಇಂಥ ಕೆಲಸ ಬರುವುದಿಲ್ಲಮ್ಮ,” ಎನ್ನುತ್ತ ಎನ್ನುತ್ತ ನನ್ನ ಕಣ್ಣೂ ಒದ್ದೆಯಾಯಿತು. ಹುಡುಗಿಯರು ಗೌರವದಿಂದ ತಲೆಯಾಡಿಸಿದರು. ಹೊರಗೆ ಹೋಗುವಾಗ ಹರ್ಷಿತಾ ಪಕ್ಕದವಳ ಕಿವಿ ಹತ್ತಿರ ಬಾಗಿ ಏನೋ ಪಿಸುಗುಟ್ಟಿದ್ದು ಕಂಡಿತು. ಪಂಪಿನ ಸದ್ದಿನಲ್ಲಿ ಪೂರ್ತಿ ಕೇಳಿಸಲಿಲ್ಲ, ಕೊನೆಯ ತುಂಡು ಮಾತ್ರ ಕೇಳಿಸಿತು: “...ತುಂಬಾ ಒಳ್ಳೇವ್ರು ಕಣೇ. ತಮ್ಮನ್ನ ತಾವೇ ಹೊಗಳ್ಕೊಳ್ಳೋದೊಂದೇ ಸ್ವಲ್ಪ ಜಾಸ್ತಿ.”